ಹೇನಿನ ಔಷಧಿಯಲ್ಲಿ ಪರೀಕ್ಷಿಸುವುದು ಏನನ್ನು?

ಪ್ರಶ್ನೆ: ‘ಪರೀಕ್ಷಿತ, ಸುರಕ್ಷಿತ’ ಎಂದು ಬರೆದಿದ್ದ ಔಷಧಿಯನ್ನು ಮಗಳ ತಲೆಗೆ ಹಚ್ಚಿದ ಮರುದಿನ ಹೇನುಗಳು ಸತ್ತು ಉದುರಿದವು, ಎರಡು ವಾರದೊಳಗೆ ಮತ್ತೆ ಕಾಣಿಸಿಕೊಂಡವು. ಹಾಗಾದರೆ ಪರೀಕ್ಷಿಸಿದ್ದು ಏನನ್ನು?

ಉತ್ತರ: ಮರುದಿನದ ಫಲಿತಾಂಶವನ್ನು ಮಾತ್ರ ನೋಡಿ ಔಷಧಿಯನ್ನು ಅಳೆಯಲಾಗದು. ಅನೇಕ ಔಷಧಿಗಳು ಓಡಾಡುವ ಹೇನನ್ನು ಕೊಂದರೂ ಸೀರುಗಳನ್ನೆಲ್ಲ ಕೊಲ್ಲುವುದಿಲ್ಲ. ಉಳಿದವು ಸುಮಾರು 7ರಿಂದ 10 ದಿನಗಳಲ್ಲಿ ಒಡೆದು ಮರಿಗಳು ಹೊರಬರುತ್ತವೆ. ಆದ್ದರಿಂದ ಒಳ್ಳೆಯ ಪ್ರಯೋಗದಲ್ಲಿ, ಭಾಗವಹಿಸುವವರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಯಾರಿಗೆ ಯಾವ ಔಷಧಿ ಸಿಕ್ಕಿದೆಯೆಂದು ತಿಳಿಯದ ಪರೀಕ್ಷಕರು ಸಾಮಾನ್ಯವಾಗಿ 14ನೆಯ ದಿನದವರೆಗೂ ತಲೆಯನ್ನು ಸೀರಣಿಗೆಯಿಂದ ಬಾಚಿ ಜೀವಂತ ಹೇನನ್ನು ಹುಡುಕುತ್ತಾರೆ. ಕೂದಲಿಗೆ ಅಂಟಿ ಉಳಿದ ಖಾಲಿ ಸೀರನ್ನು ಸೋಲೆಂದು ಎಣಿಸುವುದಿಲ್ಲ. ಮನೆಯವರಿಂದ ಮತ್ತೆ ಹತ್ತಿದ ಹೇನು ಲೆಕ್ಕವನ್ನು ಕೆಡಿಸುವುದರಿಂದ ಅವರ ತಲೆಯನ್ನೂ ನೋಡಬೇಕಾಗುತ್ತದೆ.

ಪರ್ಮೆಥ್ರಿನ್ ಔಷಧಿಗೆ ಈಗ ಹಲವೆಡೆ ಹೇನುಗಳು ಜಗ್ಗುವುದಿಲ್ಲವಾದ್ದರಿಂದ, ಹಳೆಯ ಪ್ರಯೋಗದ ಗೆಲುವು ಇಂದಿಗೂ ಸಾಕೆಂದು ನಾನು ಒಪ್ಪಲಾರೆ. ಸುರಕ್ಷತೆಗಾಗಿ ನೆತ್ತಿಯ ಉರಿ, ಕಣ್ಣಿನ ತೊಂದರೆ, ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ಇವನ್ನು ವಯಸ್ಸಿಗೆ ಅನುಗುಣವಾಗಿ ಪರಿಶೀಲಿಸಬೇಕು. ಲಿಂಡೇನ್ ಎಂಬ ಹೇನಿನ ಔಷಧಿಯಿಂದ ಅಪಸ್ಮಾರದಂತಹ ಸೆಳೆತ ಬಂದ ಉದಾಹರಣೆಗಳಿವೆ.

ನಿಮ್ಮ ಮಗಳ ವಿಷಯದಲ್ಲಿ, ಎರಡನೆಯ ಸಲ ಹಚ್ಚಬೇಕೆಂದು ಪೊಟ್ಟಣದ ಮೇಲೆ ಸೂಚಿಸಿದ್ದ ದಿನ ತಪ್ಪಿತೇ ಎಂಬುದನ್ನು ಮೊದಲು ನೋಡಿ.