ಪೀಬಾಡಿ ಹೋದ ಮೇಲೆ ಏನಾಯ್ತು?

ನಮಸ್ಕಾರ ಮೇಡಂ,

ಅರಿಜೋನಾದ ಟೂಮ್‌ಸ್ಟೋನ್ ಊರಿನ ಸೇಂಟ್ ಪಾಲ್ ಚರ್ಚ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ. ಪೂರ್ತಿ ಕೈಬಿಡುವಂಥ ಲೇಖನ ಆಗಿದ್ದರೆ ಎರಡು ಸಾಲು ಬರೆದು ಮುಗಿಸುತ್ತಿದ್ದೆ.

ಮೊದಲು ನನಗೆ ಹಿಡಿಸಿದ್ದನ್ನು ಹೇಳಿಬಿಡುತ್ತೇನೆ. ಒಂಬತ್ತನೇ ಪುಟದಲ್ಲಿ ಒಂದು ಮಾತಿದೆ. ಫೀನಿಕ್ಸ್‌ನಿಂದ ಮಗಳು ಕಾರಲ್ಲಿ ಕರೆದುಕೊಂಡು ಹೋದಳು, ಹೊರಗೆ ಸುಡುಬಿಸಿಲು, ಒಳಗೆ ಕಾಲಿಟ್ಟರೆ ತಣ್ಣಗೆ, ಗೋಡೆ ಎಷ್ಟು ದಪ್ಪ ಅಂದ್ರೆ ಕಿಟಕಿ ಕಟ್ಟೆಯ ಮೇಲೆ ಬ್ಯಾಗು, ನೀರಿನ ಬಾಟಲಿ ಎರಡನ್ನೂ ಇಟ್ಟು ಕೂತೆ ಅಂತ. ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಆ ಕಿಟಕಿಯನ್ನು ನೋಡಿದೆ. ಮುಂದಿನ ಸಾಲಿಗೇ ನೀವು ಮತ್ತೆ ಬಂದೂಕು ಎತ್ತಿಕೊಂಡಿರಿ.

ಹನ್ನೆರಡು ಪುಟದ ಲೇಖನದಲ್ಲಿ ಐದು ಪುಟ ಪೊಲೀಸ್ ಕಡೆಯ ವ್ಯಾಟ್ ಅರ್ಪ್ ಮತ್ತು ಓಕೆ ಕೊರಾಲ್ ಬಂದೂಕಿನ ಕಾಳಗಕ್ಕೇ ಹೋಗಿದೆ. 1881ರ ಅಕ್ಟೋಬರ್ 26ರಂದು ಸುಮಾರು ಅರ್ಧ ನಿಮಿಷದಲ್ಲಿ ಮುಗಿದುಹೋದ ಜಗಳ ಅದು. ಮೂರು ಜನ ಸತ್ತರು. ಆಗ ಈ ಕಟ್ಟಡ ಇರಲೇ ಇಲ್ಲ. ಈ ಚರ್ಚ್ ಕಟ್ಟಿಸಿದ ಎಂಡಿಕಾಟ್ ಪೀಬಾಡಿ ಆ ಊರಿಗೆ ಬಂದಿದ್ದು ಮೂರು ತಿಂಗಳಾದ ಮೇಲೆ, 1882ರ ಜನವರಿ ಕೊನೆಗೆ. ಚರ್ಚಿನ ಕಥೆಗೆ ಕಾಳಗ ಎಷ್ಟು ಬೇಕು? ಒಂದು ಪ್ಯಾರಾ. ಊರು ಇನ್ನೂ ಬಿಸಿಯಾಗಿತ್ತು, ಪೀಬಾಡಿ ಅಲ್ಲಿದ್ದಾಗಲೇ ಮಾರ್ಚ್‌ನಲ್ಲಿ ವ್ಯಾಟ್‌ನ ತಮ್ಮ ಮಾರ್ಗನ್ ಅರ್ಪ್ ಕೊಲೆಯಾಯಿತು, ಮೇ ತಿಂಗಳಲ್ಲಿ ಊರಿನ ಒಂದು ದೊಡ್ಡ ಭಾಗ ಬೆಂಕಿಗೆ ಹೋಯಿತು. ಇಷ್ಟು ಹೇಳಿದರೆ ಸಾಕು. ಮಿಕ್ಕಿದ್ದನ್ನು ಜನ ಸಿನಿಮಾದಲ್ಲಿ ನೋಡಿದ್ದಾರೆ.

ಇನ್ನು ಪೀಬಾಡಿ. ನೀವು ಅವರನ್ನು ಉದ್ದಕ್ಕೂ ‘ಫಾದರ್’ ಅಂದಿದ್ದೀರಿ, ಅವರು ‘ಬಲಿಪೂಜೆ ಅರ್ಪಿಸಿದರು’ ಅಂದಿದ್ದೀರಿ. ಎರಡೂ ತಪ್ಪು. ಆಗ ಅವರು ಪಾದ್ರಿ ಆಗಿರಲೇ ಇಲ್ಲ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ದೈವಶಾಸ್ತ್ರ ಓದುತ್ತಿದ್ದ, ಇಪ್ಪತ್ತನಾಲ್ಕು ವರ್ಷದ ಹುಡುಗ. ಕರ್ತನ ಭೋಜನ ನಡೆಸಿಕೊಡುವ ಅಧಿಕಾರ ಅವರಿಗಿರಲಿಲ್ಲ. ಆರಾಧನೆ ನಡೆಸಬಹುದಿತ್ತು, ಪ್ರಸಂಗ ಮಾಡಬಹುದಿತ್ತು, ಅಷ್ಟೇ. ಇದನ್ನು ಬರೀ ಪದ ತಿದ್ದುವ ಕೆಲಸ ಅಂದ್ಕೋಬೇಡಿ. ಓದು ಮುಗಿಸದ, ದೀಕ್ಷೆಯಾಗದ ಹುಡುಗನೊಬ್ಬ ಬೆನ್ಸನ್‌ನಲ್ಲಿ ರೈಲಿಳಿದು, ಕುದುರೆ ಕೋಚಿನಲ್ಲಿ ಧೂಳು ತಿನ್ನುತ್ತಾ ಆ ಊರಿಗೆ ಬಂದ ಅನ್ನುವುದೇ ಕಥೆಯ ಜೀವಾಳ. ‘ಫಾದರ್’ ಅಂದ ಕೂಡಲೇ ಅವರಿಗೆ ಬಿಳಿ ಗಡ್ಡ ಬಂದುಬಿಡುತ್ತದೆ.

ಅವರು ಊರಿನ ಜನರ ಜೊತೆ ಬೇಸ್‌ಬಾಲ್‌ಗೆ ಇಳಿದದ್ದನ್ನು ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಅಯ್ಯೋ, ಅದನ್ನು ಬಿಡಿಸಿ ಬರೆಯಿರಿ! ಆಳೆತ್ತರದ, ಗಟ್ಟಿಮುಟ್ಟಾದ, ಬಾಕ್ಸಿಂಗ್ ಗೊತ್ತಿದ್ದ ಮನುಷ್ಯ. ಗಣಿ ಕೆಲಸದವರು ಅವರ ಮಾತು ಕೇಳುವುದಕ್ಕೆ ಅದೂ ಒಂದು ಕಾರಣ ಅಲ್ವಾ?

ಇನ್ನೊಂದು ಪದ: ‘ಗಡಿನಾಡು’. ಇದು ನಮ್ಮ ಓದುಗರ ಕಿವಿಗೆ ಬಿದ್ದರೆ ಬೆಳಗಾವಿ, ಕಾಸರಗೋಡು ನೆನಪಾಗುತ್ತದೆ. ನೀವು ಹೇಳುತ್ತಿರುವುದು ಬಿಳಿಯರು ಹೊಸದಾಗಿ ಬಂದು ನೆಲೆ ಊರುತ್ತಿದ್ದ ಸೀಮೆ. ಹಾಗೇ ಬಿಡಿಸಿ ಹೇಳಿ. ಅದರ ಜೊತೆಗೆ ‘ಯಾರೂ ಇಲ್ಲದ ಬರಡು ಭೂಮಿ’ ಅನ್ನುವ ಸಾಲನ್ನು ತೆಗೆಯಲೇಬೇಕು. ಅದು ಅಲ್ಲಿನ ಮೂಲನಿವಾಸಿಗಳಾದ ಅಪಾಚೆಗಳ ನೆಲ. ಬೆಳ್ಳಿ ಹುಡುಕಲು ಹೊರಟ ಎಡ್ ಶೀಫಲಿನ್‌ಗೆ ‘ನಿನಗೆ ಅಲ್ಲಿ ಸಿಗೋದು ಗೋರಿಕಲ್ಲು ಮಾತ್ರ’ ಅಂತ ಹೆದರಿಸಿದ್ದರಿಂದಲೇ ಊರಿಗೆ ಆ ಹೆಸರು ಬಂತು ಅನ್ನುತ್ತಾರೆ. ಯಾರೂ ಇಲ್ಲದ ಜಾಗಕ್ಕೆ ಯಾರಾದರೂ ಹಾಗೆ ಹೆದರುತ್ತಾರಾ? 1881ರಲ್ಲಿ ಆದ ಹೊಸ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಕೊಚೀಸ್ ಅಂತ ಹೆಸರಿಟ್ಟರು. ಅದು ಅಪಾಚೆ ನಾಯಕನ ಹೆಸರು. ಹಾಂ, ‘ಅರಿಜೋನಾ ರಾಜ್ಯ’ ಅಂತಲೂ ಬರೆದಿದ್ದೀರಿ. ಅದು ರಾಜ್ಯವಾಗಿದ್ದು 1912ರಲ್ಲಿ.

ಈ ಚರ್ಚ್ ಎಪಿಸ್ಕೋಪಲ್ ಸಭೆಯದು ಅಂದಿದ್ದೀರಿ, ಎಪಿಸ್ಕೋಪಲ್ ಅಂದರೆ ಏನು ಅಂತ ಎಲ್ಲೂ ಹೇಳಿಲ್ಲ. ಮೂರು ಸಾಲು ಸಾಕು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು ಅದು. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲೆಂಡಿನ ರಾಜನನ್ನು ಸಭೆಯ ಮುಖ್ಯಸ್ಥ ಅಂತ ಒಪ್ಪಿಕೊಂಡಿರಲು ಅವರಿಗೆ ಆಗುತ್ತಿರಲಿಲ್ಲ, ಹಾಗಾಗಿ ಬೇರೆಯಾದರು. ಬಿಷಪ್ಪರು ಇರುವ ಸಭೆ ಅನ್ನುವುದೇ ಆ ಹೆಸರಿನ ಅರ್ಥ. ನಮ್ಮ ಕಡೆ ಆಂಗ್ಲಿಕನ್ನರು 1947ರಲ್ಲಿ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದರಲ್ಲ, ಬೆಂಗಳೂರಿನ ಸೇಂಟ್ ಮಾರ್ಕ್ಸ್ ನೋಡಿದವರಿಗೆ ಆ ಬಳಗದ ಪರಿಚಯ ಇದ್ದೇ ಇರುತ್ತದೆ. ಆದರೆ ಕೊನೆಯಲ್ಲಿ ನೀವು ಅಂಟಿಸಿರುವ ಕೆಜಿಎಫ್ ಹೋಲಿಕೆ ಬೇಡ. ಕನ್ನಡ ಓದುಗರಿಗೆ ಅಂತ ಕೋಲಾರವನ್ನು ಎಳೆದುತಂದ ಹಾಗಿದೆ. ನಮ್ಮ ಓದುಗರು ಅರಿಜೋನಾವನ್ನು ಅರಿಜೋನಾ ಅಂತಲೇ ಓದಬಲ್ಲರು.

ಈಗ ದಂತಕಥೆಗಳ ವಿಷಯ. ಪೀಬಾಡಿ ಸಲೂನಿಗೆ ನುಗ್ಗಿ ಜೂಜಿನ ಮೇಜಿನಿಂದಲೇ ಚಂದಾ ಎತ್ತಿದರು, ವ್ಯಾಟ್ ಅರ್ಪ್ ಪೀಠದ ಮುಂದಿನ ಕಟಕಟೆಗೆ ದುಡ್ಡು ಕೊಟ್ಟ. ಎರಡನ್ನೂ ಕಣ್ಣಾರೆ ಕಂಡವರ ಹಾಗೆ ಬರೆದಿದ್ದೀರಿ. ಇವು ಊರಿನವರು ಹೇಳಿಕೊಂಡು ಬಂದ ಕಥೆಗಳು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ. ಬಿಡಬೇಡಿ, ಆದರೆ ‘ಹೀಗೆ ಹೇಳುತ್ತಾರೆ’ ಅಂತ ಸೇರಿಸಿ. ಗಟ್ಟಿ ಆಧಾರ ಬೇಕು ಅಂದರೆ ಜಾರ್ಜ್ ಪಾರ್ಸನ್ಸ್ ಇದ್ದಾರೆ. ಪೀಬಾಡಿಯ ಗೆಳೆಯ, ಆ ವರ್ಷಗಳಲ್ಲಿ ಡೈರಿ ಬರೆಯುತ್ತಿದ್ದ ಮನುಷ್ಯ. ಪೀಬಾಡಿ ಬರುವ ಮೊದಲು, 1881ರಲ್ಲಿ ಬಿದ್ದ ಇನ್ನೊಂದು ಬೆಂಕಿ ಆರಿಸಲು ಹೋಗಿ ಬಾಲ್ಕನಿ ಕುಸಿದು ಮೂಗು ಜಜ್ಜಿಸಿಕೊಂಡವರು ಅವರೇ. ಅಂಥವರ ಡೈರಿ ಇರುವಾಗ ಗೈಡ್ ಹೇಳಿದ್ದನ್ನು ಯಾಕೆ ನಂಬಬೇಕು?

ನಿಜವಾದ ತಕರಾರು ಈಗ ಬರುತ್ತಿದೆ. ನಿಮ್ಮ ಲೇಖನ 1882ರ ಜುಲೈಗೆ ನಿಂತುಹೋಗುತ್ತದೆ. ಪೀಬಾಡಿ ಇದ್ದಿದ್ದು ಆರು ತಿಂಗಳು. ಚರ್ಚ್ ಎದ್ದಿತು, ಅವರು ಹೊರಟರು, ನೀವೂ ಅವರ ಜೊತೆ ಕೋಚು ಹತ್ತಿಬಿಟ್ಟಿರಿ! 1884ರಲ್ಲಿ ಗ್ರೋಟನ್ ಶಾಲೆ ಕಟ್ಟಿದ್ದು, ಅಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಓದಿದ್ದು, 1905ರಲ್ಲಿ ರೂಸ್‌ವೆಲ್ಟ್ ಮದುವೆಯನ್ನು ಪೀಬಾಡಿಯೇ ನಡೆಸಿಕೊಟ್ಟಿದ್ದು, ಎಲ್ಲಾ ನಿಜ. ಆದರೆ ಅದು ಪೀಬಾಡಿಯ ಜೀವನಚರಿತ್ರೆ. ಶೀರ್ಷಿಕೆಯಲ್ಲಿ ನೀವು ಮಾತು ಕೊಟ್ಟಿರುವುದು ಚರ್ಚಿನ ಚರಿತ್ರೆಯನ್ನು.

ಅವರು ಹೋದ ಮೇಲೆ ಏನಾಯ್ತು ನೋಡಿ. ಗಣಿಗಳಿಗೆ ನೀರು ನುಗ್ಗಿತು. ದೊಡ್ಡ ದೊಡ್ಡ ಪಂಪ್ ತಂದು ಎತ್ತಿದರು. 1886ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಗಣಿಯ ಪಂಪ್‌ಗಳು ಸುಟ್ಟುಹೋದವು. ಬೆಳ್ಳಿಯ ಬೆಲೆಯೂ ಬಿತ್ತು. ಸಾವಿರಾರು ಜನ ಇದ್ದ ಊರಲ್ಲಿ 1900ರ ಜನಗಣತಿಗೆ ಸಿಕ್ಕವರು 646 ಮಂದಿ. 1929ರಲ್ಲಿ ಕೌಂಟಿ ಕಚೇರಿಯೂ ಬಿಸ್ಬೀ ಅನ್ನುವ ಇನ್ನೊಂದು ಊರಿಗೆ ಹೋಯಿತು. ಆದರೂ ಹಸಿ ಇಟ್ಟಿಗೆಯ ಆ ಕಟ್ಟಡ ನಿಂತಿದೆ, ಇವತ್ತಿಗೂ ಅಲ್ಲಿ ಆರಾಧನೆ ನಡೆಯುತ್ತದೆ. ಅರಿಜೋನಾದಲ್ಲಿ ಉಳಿದಿರುವ ಪ್ರಾಟೆಸ್ಟಂಟ್ ಚರ್ಚ್ ಕಟ್ಟಡಗಳಲ್ಲಿ ಅದೇ ಅತಿ ಹಳೆಯದು. ಹೇಗೆ ಉಳಿಯಿತು? ಮಣ್ಣಿನ ಗೋಡೆಯ ಮನೆಯಲ್ಲಿ ಬೆಳೆದವಳು ಅಂತ ನೀವೇ ಬರೆದಿದ್ದೀರಿ. ಸೂರು ಸೋರಿದರೆ ಸುಡದ ಇಟ್ಟಿಗೆ ಎಷ್ಟು ಬೇಗ ಕರಗುತ್ತದೆ ಅಂತ ನಿಮಗೆ ಹೇಳಿಕೊಡಬೇಕಾ? ಅಂದರೆ ಜನ ಕರಗಿದ ಊರಲ್ಲೂ ಯಾರೋ ಏಣಿ ಹತ್ತಿ ಸೂರು ನೋಡಿಕೊಂಡಿದ್ದಾರೆ, ಗಿಲಾವು ಮಾಡಿಸಿದ್ದಾರೆ. ಅವರು ಯಾರು? ನನಗೆ ಅವರು ಬೇಕು, ಅರ್ಪ್ ಅಲ್ಲ.

ಸಭೆಗೆ ಒಂದು ಇಮೇಲ್ ಹಾಕಿ. ಇಂಥ ಕಡೆ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡುವ ದಪ್ಪ ಪುಸ್ತಕಗಳು ಸಾಮಾನ್ಯವಾಗಿ ಇರುತ್ತವೆ. ಮಗಳಿಗೆ ಹೇಳಿ ನೋಡಿಸಿ. ಒಂದು ವರ್ಷದಲ್ಲಿ ಎಷ್ಟು ಮದುವೆ, ಎಷ್ಟು ಸಮಾಧಿ ಅಂತ ಎಣಿಸಿದರೇ ನಿಮಗೆ ಒಂದು ಪುಟ ಸಿಗುತ್ತದೆ. ಆಗಿಹೋದ ಪಾದ್ರಿಗಳ ಪಟ್ಟಿಯನ್ನು ಮಾತ್ರ ದಯವಿಟ್ಟು ಕಳಿಸಬೇಡಿ.

ಕಿಟಕಿ ಕಟ್ಟೆಯಿಂದ ಶುರು ಮಾಡಿ. ಐದು ಪುಟ ಸಾಕು, ಆರಾದರೂ ಪರವಾಗಿಲ್ಲ. ಯುಗಾದಿ ಕಳೆದ ಮೇಲೆ ಕಳಿಸಿದರೂ ಓದುತ್ತೇನೆ, ಅವಸರ ಇಲ್ಲ. ಬೂಟ್‌ಹಿಲ್ ಸ್ಮಶಾನದ ಒಂಬತ್ತು ಫೋಟೊ ಬಂದಿವೆ, ಅವು ಬೇಡ. ಆ ಕಿಟಕಿಯದು ಒಂದಿದ್ದರೆ ಕಳಿಸಿ. ನಿಮ್ಮ ಬ್ಯಾಗು ಅದರಲ್ಲಿ ಕಾಣಿಸಿದರೂ ನಡೆಯುತ್ತದೆ.

ಇಂತಿ,
ಸಂಪಾದಕ