ಗುರುಗಳೇ, ಗ್ರೂಪ್ ಬಿಡಬೇಡಿ

ಭಾಲ್ಕಿ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಹೊಡೆದಾಟದ ವಿಡಿಯೊ ಹಾಕಿ, ಇದು ನಿನ್ನೆ ಪಕ್ಕದ ಊರಲ್ಲಿ ನಡೆದದ್ದು ಅಂತ ಬರೆದರಂತೆ. ಗುರುಗಳು ‘ಯಾವ ಊರು? ಕಣ್ಣಾರೆ ಕಂಡವರು ಯಾರು?’ ಎಂದು ಕೇಳಿದರು. ಅವರ ಕೈಯಲ್ಲೇ ಕಲಿತ ಹುಡುಗನೊಬ್ಬ ‘ಸರ್, ನಿಮಗೆ ವಯಸ್ಸಾಯ್ತು, ಸುಮ್ನಿರಿ’ ಎಂದು ಬರೆದ. ಅದಕ್ಕೆ ತುಂಬಾ ಜನ ನಗುವ ಮುಖದ ಗುರುತು ಒತ್ತಿದರು. ಗುರುಗಳು ಆ ರಾತ್ರಿಯೇ ಊರಿನ ಗ್ರೂಪು, ಹಳೆ ವಿದ್ಯಾರ್ಥಿಗಳ ಗ್ರೂಪು, ಬೀಗರ ಗ್ರೂಪು ಎಲ್ಲದರಿಂದಲೂ ಹೊರಗೆ ಬಂದರು. ಈಗ ಕೇಳುತ್ತಿದ್ದಾರೆ: “ಈ ಫೋನಿನಿಂದ ರಾಜಕಾರಣ ಕೆಟ್ಟಿತು, ವ್ಯಾಪಾರ ಕೆಟ್ಟಿತು, ಊರಿನ ಮಾತುಕತೆಯೇ ಕೆಟ್ಟಿತು. ಸರಕಾರ ಇದನ್ನೆಲ್ಲ ಯಾಕೆ ಬಂದ್ ಮಾಡಬಾರದು? ಗ್ರೂಪಿನ ಅಡ್ಮಿನ್‌ಗಳನ್ನು ಯಾಕೆ ಒಳಗೆ ಹಾಕಬಾರದು? ನಿಮ್ಮಂಥ ಪತ್ರಿಕೆಯವರು ಯಾಕೆ ಸುಮ್ಮನಿದ್ದೀರಿ?”

ಗುರುಗಳೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಿಮ್ಮ ಭಯವೂ ಸುಳ್ಳಲ್ಲ. ಬೀದರ್ ಜಿಲ್ಲೆಯವರಿಗೆ ಇದನ್ನು ನಾನು ಹೇಳಬೇಕಾಗಿಯೇ ಇಲ್ಲ. 2018ರ ಜುಲೈ 13ರಂದು ಮುರ್ಕಿಯಲ್ಲಿ ನಡೆದದ್ದನ್ನು ನಿಮ್ಮ ಕಡೆ ಯಾರೂ ಮರೆತಿರಲಿಕ್ಕಿಲ್ಲ.

ಆದರೂ ಅದನ್ನು ಇಲ್ಲಿ ಬರೆಯಲೇಬೇಕು. ಯಾಕಂದರೆ ನಾನು ಹೇಳಬೇಕಾದದ್ದು ಅಲ್ಲೇ ಇದೆ. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವು ಗೆಳೆಯರು ಹಂದಿಕೇರಾ ಎಂಬ ಹಳ್ಳಿಯ ಹತ್ತಿರ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಜನರಿಗೆ ಅನುಮಾನ ಬಂತು, ಜಗಳವಾಯಿತು, ಗೆಳೆಯರು ಕಾರು ಹತ್ತಿ ಹೊರಟರು. ಅಷ್ಟರಲ್ಲಿ ಅವರ ವಿಡಿಯೊ ವಾಟ್ಸಾಪ್‌ನಲ್ಲಿ ಮುರ್ಕಿಗೆ ಹೋಗಿತ್ತು. ಕಾರು ಮುರ್ಕಿ ತಲುಪುವ ಹೊತ್ತಿಗೆ ದಾರಿ ಅಡ್ಡಗಟ್ಟಿ ಜನ ನಿಂತಿದ್ದರು. ಕಾರು ಉರುಳಿತು. ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತುಹೋದ. ಜೊತೆಗಿದ್ದವರಿಗೆ ಗಾಯವಾಯಿತು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ಗಾಳಿಸುದ್ದಿಗೆ ಒಬ್ಬ ಬಲಿಯಾಗಿದ್ದ. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐದು ಜನ ಬಲಿಯಾದರು. ಆಗ ಎಲ್ಲ ಕಡೆ ಓಡಾಡಿದ ಒಂದು ವಿಡಿಯೊ ಇತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಆ ಬೈಕಿನವರೇ ಮಗುವನ್ನು ವಾಪಸ್ ತಂದುಬಿಟ್ಟು, ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸುವ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರವೇ ದಾರಿಹೋಕರ ಜೀವ ತೆಗೆಯಿತು.

ನಾನು ಮತ್ತೆ ಮತ್ತೆ ಯೋಚಿಸುವುದು ಒಂದೇ. ಆ ವಿಡಿಯೊ ಕರಾಚಿಯದ್ದಾಗಿದ್ದರೂ ಹಳ್ಳಿಯ ತಾಯಂದಿರಿಗೆ ಅದನ್ನು ಕಳಿಸಿದವರು ಕರಾಚಿಯವರಲ್ಲ. ಅಳಿಯ ಕಳಿಸಿದ್ದ, ಕಾಕಾ ಕಳಿಸಿದ್ದರು, ಪಕ್ಕದ ಮನೆ ಹುಡುಗ ಕಳಿಸಿದ್ದ. ಅದಕ್ಕೇ ನಂಬಿದರು. ನಾವು ಫೋನಿನಲ್ಲಿ ಬಂದ ಮಾತನ್ನು ತೂಗುವುದಿಲ್ಲ, ಕಳಿಸಿದವರ ಹೆಸರು ನೋಡಿ ನಂಬುತ್ತೇವೆ. ಹಾಗಾದರೆ ಸುಳ್ಳನ್ನು ತಡೆಯುವವರೂ ಗುರುತಿನವರೇ ಆಗಿರಬೇಕು, ಅಲ್ವಾ? ದಿಲ್ಲಿಯಲ್ಲೋ ಬೆಂಗಳೂರಲ್ಲೋ ಕೂತು ಸುದ್ದಿ ಪರೀಕ್ಷೆ ಮಾಡುವವರು ನಿಮ್ಮ ಊರಿನ ಗ್ರೂಪಿನಲ್ಲಿ ಇರುವುದಿಲ್ಲ. ಜಿಲ್ಲಾಧಿಕಾರಿ ಇರುವುದಿಲ್ಲ. ಪೊಲೀಸರೂ ಸಾಮಾನ್ಯವಾಗಿ ಇರುವುದಿಲ್ಲ. ನೀವು ಇದ್ದಿರಿ. ‘ಯಾರು ಕಂಡರು’ ಎಂದು ಕೇಳಿದ್ದು ನೀವೊಬ್ಬರೇ. ನೀವು ಹೊರಗೆ ಬಂದದ್ದರಿಂದ ಆ ಗ್ರೂಪಿಗೆ ನಷ್ಟವಾಗಿದೆ. ಇದನ್ನು ನಿಮ್ಮನ್ನು ಸಮಾಧಾನ ಮಾಡಲಿಕ್ಕೆ ಹೇಳುತ್ತಿಲ್ಲ.

ಕಂಪನಿ ಏನೂ ಮಾಡಿಲ್ಲ ಎಂದಲ್ಲ. ಮುರ್ಕಿ ಘಟನೆಯಾದ ಕೆಲವೇ ದಿನಗಳಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಮುಂದೆ ಕಳಿಸಬಹುದು ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಆಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸುವಂತೆ ಮಾಡಿತು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಮನೆಯಲ್ಲಿ ಎಲ್ಲರಿಗೂ ಆ ಗುರುತು ತೋರಿಸಿಕೊಡಿ. ಎರಡು ಬಾಣ ಇದ್ದರೆ, ಕಳಿಸಿದವರಿಗೂ ಅದು ಎಲ್ಲಿಂದಲೋ ಬಂದದ್ದು ಎಂದೇ ಅರ್ಥ. ಆದರೆ ಅದೇ ವಿಡಿಯೊವನ್ನು ಫೋನಿನಲ್ಲಿ ಉಳಿಸಿಕೊಂಡು ಹೊಸದಾಗಿ ಹಾಕಿದರೆ ಈ ಗುರುತು ಹೋಗಿಬಿಡುತ್ತದೆ. ಹಾಗಾಗಿ ಬರೀ ಬಾಣ ನಂಬಿ ಕೂರುವಂತಿಲ್ಲ.

ಬಂದ್ ಮಾಡಿ ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. ನಮ್ಮ ಭಾಗದ ಹುಡುಗರ ಮುಖ ನೋಡಿ ಹೇಳುತ್ತಿದ್ದೇನೆ. 2021ರ ಅಕ್ಟೋಬರ್ 3ರಂದು 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದಿದ್ದರು. ಕಲಬುರಗಿಯ ಕೇಂದ್ರವೊಂದರಲ್ಲಿ ಬರೆದ ಅಭ್ಯರ್ಥಿಯ ಓಎಂಆರ್ (ಉತ್ತರ ಗುರುತಿಸುವ) ಹಾಳೆಯ ಪ್ರತಿ ಜಾಲತಾಣದಲ್ಲಿ ಓಡಾಡಿತು. ಉತ್ತರಿಸಿದ ಪ್ರಶ್ನೆಗೂ ಬಂದ ಅಂಕಕ್ಕೂ ತಾಳೆಯೇ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಕೋಣೆ ಹಿಡಿದು ಓದಿದ ಹುಡುಗರು ಅದನ್ನು ಬಿಡಲಿಲ್ಲ. ಹಂಚಿದರು, ಲೆಕ್ಕ ಹಾಕಿದರು, ಕೇಳಿದರು. ಸಿಐಡಿ ತನಿಖೆಯಾಯಿತು, ಬಂಧನಗಳಾದವು. 2022ರ ಏಪ್ರಿಲ್‌ನಲ್ಲಿ ಸರಕಾರ ಆ ನೇಮಕಾತಿ ಪರೀಕ್ಷೆಯನ್ನೇ ರದ್ದು ಮಾಡಿತು. 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಪ್ರಾಮಾಣಿಕವಾಗಿ ಬರೆದವರು ಮತ್ತೆ ಓದಬೇಕಾಯಿತು, ಆ ನೋವು ದೊಡ್ಡದೇ. ಆದರೂ ಕೈಯಲ್ಲಿ ಫೋನ್ ಇಲ್ಲದಿದ್ದರೆ ಆ ಹಾಳೆ ಯಾವುದೋ ಕಪಾಟಿನಲ್ಲೇ ಇರುತ್ತಿತ್ತು.

ಕಾನೂನೂ ಇದೆ. ಇಂಟರ್‌ನೆಟ್ಟನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ನಿಲ್ಲಿಸುವ ಆದೇಶವನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಅಡ್ಮಿನ್ ವಿಷಯವೂ ಹಾಗೇ. ಬೇರೆಯವರು ಹಾಕಿದ ಪೋಸ್ಟಿಗೆ ಬರೀ ಅಡ್ಮಿನ್ ಆಗಿರುವ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿತು. ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಈಗ ಅಡ್ಮಿನ್‌ಗೆ ಯಾರ ಪೋಸ್ಟನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಅವಕಾಶವಿದೆ. ಅವಕಾಶ ಇದ್ದೂ ಬೆಂಕಿ ಹಚ್ಚುವ ವಿಡಿಯೊವನ್ನು ಹಾಗೇ ಬಿಟ್ಟವನಿಗೆ ಊರಿನ ಹಿರಿಯರು ಬುದ್ಧಿ ಹೇಳಲೇಬೇಕು.

ವ್ಯಾಪಾರ ಕೆಟ್ಟಿತು ಅಂದಿರಿ. ಇಲ್ಲಿ ಒಂದನ್ನು ಕಣ್ಣಾರೆ ಕಂಡಿದ್ದೇನೆ. 2025ರ ಸುಗ್ಗಿಯಲ್ಲಿ ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಕೂತಿದ್ದೆ. ಚಿತ್ತಾಪುರ ಕಡೆಯ ರೈತರೊಬ್ಬರು ತೊಗರಿ ತಂದಿದ್ದರು. ಫೋನ್ ತೆಗೆದು ಅಡತಿಯವರ ಮುಂದೆ ಹಿಡಿದರು. “ಗ್ರೂಪಿನ್ಯಾಗ ಹಿಂಗ್ ಬಂದದ ನೋಡ್ರಿ. ನೀವು ನೋಡಿದ್ರ ಏಳು ಸಾವಿರ ಅಂತೀರಿ.” ನಾನೂ ಬಗ್ಗಿ ನೋಡಿದೆ. ಅಚ್ಚುಕಟ್ಟಾದ ರೇಟ್ ಪಟ್ಟಿ. ಮಾರುಕಟ್ಟೆ ಹೆಸರಿತ್ತು, ಕಾಳಿನ ತಳಿ ಇತ್ತು, ಕ್ವಿಂಟಲ್‌ಗೆ ಹತ್ತು ಸಾವಿರಕ್ಕೂ ಮೇಲಿನ ದರ ಇತ್ತು. ತಾರೀಖು ಮಾತ್ರ ಇರಲಿಲ್ಲ. ಮೇಲಿನ ಅಂಚು ಕತ್ತರಿಸಿಹೋಗಿತ್ತು. ಮುನೀಮರು ಹಳೆ ವಹಿ ತೆಗೆದು ತೋರಿಸಿದರು. ಅದು ಹಿಂದಿನ ವರ್ಷದ ದರ. ನಾನು ಹೋಗಿದ್ದ ಹಂಗಾಮಿಗೆ ಕೇಂದ್ರದ ಬೆಂಬಲ ಬೆಲೆಯೇ 7,550 ರೂಪಾಯಿ. ಹೊರದೇಶದ ತೊಗರಿ ಸುಂಕವಿಲ್ಲದೆ ಬರುತ್ತಿತ್ತು, ಪೇಟೆ ಇಳಿದಿತ್ತು. ಆ ಪಟ್ಟಿ ನಂಬಿ ಅವರು ಮಾಲನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು. ಕಡೆಗೆ ಬಂದ ದರಕ್ಕೆ ಕೊಟ್ಟು ಹೋದರು. ಯಾರೂ ಅವರಿಗೆ ಬೇಕಂತ ಮೋಸ ಮಾಡಿರಲಿಲ್ಲ. ಹಳೆ ಪಟ್ಟಿಯನ್ನು ಒಬ್ಬರು ಒಳ್ಳೆ ಮನಸ್ಸಿನಿಂದಲೇ ಹಂಚಿದ್ದರು. ಒಂದೇ ಒಂದು ಸಾಲು, ‘ಇದು ಯಾವ ತಾರೀಖಿನದು?’ ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು.

ಕೊರೊನಾ ಶುರುವಿನಲ್ಲೂ ಹೀಗೇ ಆಯಿತು. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯವರದ್ದು. ಕೋಳಿ ತಿಂದರೆ ರೋಗ ಬರುತ್ತದೆ ಎಂಬ ಸುಳ್ಳು ಅದಕ್ಕೂ ಮೊದಲೇ ಫೋನುಗಳಲ್ಲಿತ್ತು. ಕೋಳಿ ಬೆಲೆ ನೆಲ ಕಚ್ಚಿತು. ಸಾಲ ಮಾಡಿ ಫಾರಂ ಹಾಕಿದವರ ಗತಿ ಏನಾಗಿರಬೇಕು ಯೋಚಿಸಿ.

ಆದರೆ ಇದೇ ಫೋನಿನಿಂದ ‘ಕಲಬುರಗಿ ರೊಟ್ಟಿ’ ಎಂಬ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳ ಸಂಘಗಳು ತಟ್ಟಿದ ಖಡಕ್ ಜೋಳದ ರೊಟ್ಟಿ ದೂರದ ಊರುಗಳಿಗೆ ಹೋಗುತ್ತಿದೆ. ಬೀದರಿನ ಬಿದ್ರಿ ಕೆಲಸಗಾರರು ಹೂದಾನಿಯ ಫೋಟೊ ಕಳಿಸಿ ನೇರವಾಗಿ ಗಿರಾಕಿ ಹಿಡಿಯಬಹುದು. ಇದನ್ನೆಲ್ಲ ಬಂದ್ ಮಾಡಿ ಎಂದು ನಾನು ಹೇಗೆ ಹೇಳಲಿ?

ರಾಜಕಾರಣದ ಬಗ್ಗೆ ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಚುನಾವಣೆಗೆ ನಿಂತವರು ಅಫಿಡವಿಟ್‌ನಲ್ಲಿ ತಮ್ಮ ಜಾಲತಾಣದ ಖಾತೆಗಳನ್ನು ಹೇಳಬೇಕು. ದುಡ್ಡು ಕೊಟ್ಟು ಹಾಕುವ ಜಾಹೀರಾತಿಗೆ ಮೊದಲೇ ಚುನಾವಣಾ ಆಯೋಗದ ಸಮಿತಿಯ ಒಪ್ಪಿಗೆ ಬೇಕು. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲಬೇಕು. ಈ ನಿಯಮಗಳು ಎಲ್ಲರಿಗೂ ಕಾಣುವ ಪೇಜಿಗೆ ತಾಕುತ್ತವೆ. ಬೂತ್ ಮಟ್ಟದ ಗ್ರೂಪು, ಜಾತಿ ಗ್ರೂಪುಗಳ ಒಳಗೆ ನಡೆಯುವ ಮಾತಿಗೆ ತಾಕುವುದು ಕಷ್ಟ. ಆ 48 ಗಂಟೆಯಲ್ಲೇ ಅಲ್ಲಿ ಮಾತು ಜಾಸ್ತಿಯಾಗುತ್ತದೆ.

ಇನ್ನೊಂದು ನನ್ನನ್ನು ಕಾಡುತ್ತದೆ. ಗುದ್ದಲಿ ಪೂಜೆಯ ರೀಲ್ಸ್ ಬೆಳಿಗ್ಗೆಯೇ ಬರುತ್ತದೆ. ಹಾಡು, ಹಾರ, ಡ್ರೋನ್ ಎಲ್ಲ ಇರುತ್ತದೆ. ಆ ರಸ್ತೆ ಮುಗಿಯಿತೋ ಇಲ್ಲವೋ ಎಂಬ ರೀಲ್ಸ್ ಯಾರೂ ಹಾಕುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಇಷ್ಟು ವರ್ಷವಾಯಿತು. ನಮ್ಮ ಭಾಗಕ್ಕೆ ಬಂದ ದುಡ್ಡಿನಲ್ಲಿ ನಮ್ಮೂರ ಶಾಲೆಗೆ ಎಷ್ಟು ಕೋಣೆ ಬಂತು ಎಂದು ಊರಿನ ಗ್ರೂಪಿನಲ್ಲಿ ಕೇಳುವವರು ಬೇಕು. ಅದು ಕೂಡ ನಿಮ್ಮಂಥವರ ಕೆಲಸ. ಕಾಮಗಾರಿ ಫಲಕದ ಫೋಟೊ ಹಾಕಿ, ಕೆಲಸದ ಫೋಟೊ ಹಾಕಿ, ಎರಡನ್ನೂ ಪಕ್ಕಪಕ್ಕ ಇಡಿ. ಯಾರನ್ನೂ ಬೈಯಬೇಕಾಗಿಲ್ಲ.

ಬೈಯುವ ಮಾತು ಬಂತು, ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನದ ಬಂಡೆ ಸಿಕ್ಕಿತು. ದೇವರ ವಿಗ್ರಹದ ಪೀಠವಾಗಿ ಅದು ಬಳಕೆಯಲ್ಲಿತ್ತು. ಅದರಲ್ಲಿ ಅಶೋಕನ ಹನ್ನೆರಡನೆಯ ಬಂಡೆ ಶಾಸನದ ಭಾಗವಿದೆ. ನಮ್ಮ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಪಂಥವನ್ನು ತೆಗಳಬಾರದು, ಮಾತಿಗೆ ಹಿಡಿತವಿರಬೇಕು ಎಂದು ಹೇಳುವ ಶಾಸನ ಅದು. ಎರಡು ಸಾವಿರ ವರ್ಷಕ್ಕೂ ಹಿಂದೆ ಇದನ್ನು ಕಲ್ಲಿನಲ್ಲಿ ಕೆತ್ತಿಸಿದ ನೆಲ ನಮ್ಮದು. ಹಳೆ ವಿದ್ಯಾರ್ಥಿಗಳ ಗ್ರೂಪಿಗೆ ಆ ಬಂಡೆಯ ಫೋಟೊ ಹಾಕಿ, ಪಾಠ ಮಾಡಿದಂತೆ ವಿವರಿಸಿ. ನೀವು ಮಾಡಿದರೆ ಕೇಳುವವರು ಇದ್ದೇ ಇರುತ್ತಾರೆ.

ಪತ್ರಿಕೆಯವರು ಸುಮ್ಮನಿದ್ದೀರಿ ಎಂದಿರಿ. ತಿಂಗಳಿಗೊಮ್ಮೆ ಬರುವ ಪತ್ರಿಕೆ ಒಂದು ಗಂಟೆಯಲ್ಲಿ ಹಬ್ಬುವ ಸುಳ್ಳಿನ ಬೆನ್ನು ಹತ್ತಲಾರದು. ಆದರೆ ತಣ್ಣಗೆ ಕೂತು ವಿಚಾರಿಸಬಲ್ಲದು. ಮುಂದಿನ ಸಂಚಿಕೆಯಿಂದ ಒಂದು ಪುಟ ಇದಕ್ಕೇ ಇಡುತ್ತೇವೆ. ಬೀದರ್, ಕಲಬುರಗಿ, ಯಾದಗಿರಿ ಕಡೆ ಓಡಾಡಿದ ಒಂದು ಸುದ್ದಿಯನ್ನು ತೆಗೆದುಕೊಂಡು, ಎಲ್ಲಿಂದ ಬಂತು, ಎಷ್ಟು ನಿಜ ಎಂದು ಬರೆಯುತ್ತೇವೆ. ಓದುಗರು ಅನುಮಾನ ಬಂದ ಸಂದೇಶವನ್ನು ತಾರೀಖಿನ ಸಮೇತ ಕಳಿಸಲಿ. ಕಳಿಸಿದವರ ಹೆಸರು, ನಂಬರ್ ಬೇಡ.

ಇನ್ನು ಆ ಹುಡುಗನ ವಿಷಯ. ಗ್ರೂಪಿನಲ್ಲಿ ಅವನಿಗೆ ಉತ್ತರ ಕೊಡಬೇಡಿ. ಎಲ್ಲರೆದುರು ಸೋಲಲು ಯಾರಿಗೂ ಇಷ್ಟವಿರುವುದಿಲ್ಲ. ಫೋನ್ ಮಾಡಿ, ಇಲ್ಲವೇ ಮನೆಗೆ ಕರೆಯಿರಿ. ಅವನ ಕೈಯಿಂದಲೇ ಆ ವಿಡಿಯೊದ ಒಂದು ಚಿತ್ರ ತೆಗೆಸಿ, ಗೂಗಲ್‌ನಲ್ಲಿ ಹಾಕಿ ಹುಡುಕಿಸಿ. ಹಳೆಯದಾಗಿದ್ದರೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಸಿಕ್ಕದ್ದನ್ನು ಗ್ರೂಪಿಗೆ ಅವನೇ ಹಾಕಲಿ, ನೀವು ಹಾಕಬೇಡಿ.

ಮತ್ತೆ ಗ್ರೂಪಿಗೆ ಸೇರಿಸಿ ಎಂದು ಅಡ್ಮಿನ್‌ಗೆ ಇವತ್ತೇ ಹೇಳಿ. ಒಂದು ವೇಳೆ ಯಾವುದಾದರೂ ಸಂದೇಶ ನೋಡಿ ಊರಲ್ಲಿ ಜನ ಗುಂಪು ಸೇರುತ್ತಿದ್ದಾರೆ ಅನ್ನಿಸಿದರೆ, ನಿಜವೋ ಸುಳ್ಳೋ ಎಂದು ಗ್ರೂಪಿನಲ್ಲಿ ವಾದಕ್ಕೆ ಕೂರಬೇಡಿ. ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ಪಕ್ಕದ ಊರಿನ ನಿಮ್ಮ ಪರಿಚಯದವರಿಗೆ ಮಾಡಿ.

— ಸಂಪಾದಕ