ಗ್ರಂದಿಗೆ ಅಂಗಡಿಯಲ್ಲಿ ಕೊಂಡ ಅಶೋಕದ ಚಕ್ಕೆ ಅಸಲಿಯೇ?

ಮನೆಯೆದುರಿನ ಅಶೋಕ ಮರದ ತೊಗಟೆಯನ್ನು ತಾಯಿಯವರ ಕಷಾಯಕ್ಕೆ ಬಳಸಬಹುದೇ, ಗ್ರಂದಿಗೆ ಅಂಗಡಿಯಿಂದ ತಂದ ಚಕ್ಕೆ ಅಸಲಿಯೇ ಎಂದು ಕೇಳಿದ್ದೀರಿ. ಕಚ್ಚಾ ಮೂಲಿಕೆಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಕೆಲವು ವರ್ಷ ಇದ್ದವನಾಗಿ ಮೊದಲನೆಯದಕ್ಕೆ ನೇರವಾಗಿ ಉತ್ತರಿಸುತ್ತೇನೆ: ಬಡಾವಣೆಗಳಲ್ಲಿ ಕಾಂಪೌಂಡಿನುದ್ದಕ್ಕೂ ಕಂಬದಂತೆ ಬೆಳೆದು, ಅಲೆಯಲೆಯಾದ ಅಂಚಿನ ಉದ್ದನೆಯ ಎಲೆಗಳನ್ನು ಇಳಿಬಿಡುವ ಮರ ಅದಾಗಿದ್ದರೆ ಬಳಸಬೇಡಿ. ಅದು ಸೀತಾಫಲದ ಕುಟುಂಬದ ಪಾಲಿಯಾಲ್ತಿಯಾ ಲಾಂಗಿಫೋಲಿಯಾ. ಆಯುರ್ವೇದದ ಅಶೋಕವಾದರೋ ಹುಣಸೆಗೆ ಹತ್ತಿರದ ನಂಟಿರುವ ಸರಾಕಾ ಅಸೋಕಾ. ಅದರ ಒಂದೊಂದು ಎಲೆಯಲ್ಲೂ ಜೋಡಿ ಜೋಡಿಯಾಗಿ ಕಿರುಎಲೆಗಳಿರುತ್ತವೆ, ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತದೆ, ಕಿತ್ತಳೆ-ಕೆಂಪು ಹೂಗೊಂಚಲು ಹಳೆಯ ಕೊಂಬೆಗಳ ಮೇಲೂ ಅರಳುತ್ತದೆ.

ಮರದ ಮುಂದೆ ನಿಂತಾಗ ಇಷ್ಟು ಸುಲಭವಾದ ಈ ಗುರುತು, ತೊಗಟೆ ಸುಲಿದು ಒಣಗಿಸಿದೊಡನೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅಸಲಿ ಅಶೋಕ ಕಾಡಿನಲ್ಲಿ ಅಪರೂಪವಾಗಿ, ಅಪಾಯದಂಚಿನ ಪ್ರಭೇದಗಳ ಪಟ್ಟಿಗೆ ಸೇರಿದೆ. ಬೇಡಿಕೆ ಮಾತ್ರ ಕುಗ್ಗಿಲ್ಲ. ಹೀಗಾಗಿ ರಸ್ತೆಬದಿಯ ಮರವೇ ಅದರ ಹೆಸರಿನಲ್ಲಿ ಮಾರಾಟವಾಗುತ್ತದೆ. ಇದರಲ್ಲಿ ಮೋಸವೆಷ್ಟು, ಎರಡಕ್ಕೂ ಒಂದೇ ಹೆಸರಿರುವುದರಿಂದಾದ ಪ್ರಮಾದವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎಷ್ಟೋ ಅಂಗಡಿಯವರು ತಮ್ಮಲ್ಲಿರುವುದು ಅಸಲಿಯೆಂದೇ ನಂಬಿರುತ್ತಾರೆ.

ಚಕ್ಕೆಯನ್ನು ಹಗಲ ಬೆಳಕಿನಲ್ಲಿ ನೋಡಿ. ಅಸಲಿಯ ಹೊರಮೈ ಹಸಿರುಮಿಶ್ರಿತ ಬೂದು; ಅದರ ಮೇಲೆ ದುಂಡನೆಯ ಚಿಕ್ಕ ಗುಳ್ಳೆಗಳಂತಹ ರಂಧ್ರಗುರುತುಗಳೂ ಅಡ್ಡ ಏಣುಗಳೂ ಕಾಣುತ್ತವೆ. ಮುರಿದರೆ ಸಿಬಿರು ಸಿಬಿರಾಗಿ ಮುರಿಯುತ್ತದೆ, ಹೊರಪದರದ ಕೆಳಗೆ ತೆಳ್ಳನೆಯ ಬಿಳಿಯ ಗೆರೆಯೊಂದು ಎಡೆಬಿಡದೆ ಹಾದುಹೋಗುತ್ತದೆ. ಹಸಿ ತೊಗಟೆಯಾದರೆ ಕತ್ತರಿಸಿದ ಭಾಗ ಗಾಳಿಗೆ ಕೆಂಪೇರುತ್ತದೆ. ಜಗಿದರೆ ಒಗರು, ಆದರೆ ಒಗರೊಂದನ್ನೇ ನಂಬಬೇಡಿ, ಬದಲಿಯಾಗಿ ಬರುವ ಸಾಲ ಎಂಬ ಮರದ ತೊಗಟೆಯೂ ಒಗರೇ. ಈ ಲಕ್ಷಣಗಳು ಇಲ್ಲದಿದ್ದರೆ ಚಕ್ಕೆಯನ್ನು ಧೈರ್ಯವಾಗಿ ತಿರಸ್ಕರಿಸಬಹುದು, ಇದ್ದ ಮಾತ್ರಕ್ಕೆ ಅಸಲಿಯೆಂದು ಖಾತ್ರಿಯಾಗುವುದಿಲ್ಲ. ಖಾತ್ರಿಗೆ ಸೂಕ್ಷ್ಮದರ್ಶಕ, ರಾಸಾಯನಿಕ ಅಥವಾ ಡಿಎನ್‌ಎ ಪರೀಕ್ಷೆ ಬೇಕು.

ಪುಡಿಯಾಗಿ ಮಾರುವುದನ್ನಂತೂ ನಾನು ಕೊಳ್ಳುವುದಿಲ್ಲ, ಏಕೆಂದರೆ ಮೇಲೆ ಹೇಳಿದ ಗುರುತುಗಳಲ್ಲಿ ಒಗರೊಂದೇ ಅದರಲ್ಲಿ ಉಳಿದಿರುತ್ತದೆ. ಈಗ ತಂದಿರುವ ಚಕ್ಕೆಯನ್ನು ಕುದಿಸುವ ಮೊದಲು ಕಷಾಯ ಸೂಚಿಸಿದ ವೈದ್ಯರಿಗೇ ತೋರಿಸಿ. ಅಶೋಕದ ಕಷಾಯವನ್ನು ಸಾಮಾನ್ಯವಾಗಿ ಮುಟ್ಟಿನ ಅತಿಸ್ರಾವಕ್ಕೆ ಕೊಡುತ್ತಾರೆ; ತಾಯಿಯವರಿಗೆ ಅತಿಯಾದ ರಕ್ತಸ್ರಾವವಿದ್ದರೆ, ಚಕ್ಕೆಯ ವಿಚಾರ ಇತ್ಯರ್ಥವಾಗುವವರೆಗೆ ಕಾಯದೆ ಸ್ತ್ರೀರೋಗ ತಜ್ಞರನ್ನು ಕಾಣಿಸಿ.